ಮೂಕಿಯ ಮೇಲಿನ ಭಾರ

ಆರ್ಫಾಳ ಕನಸಿನಲ್ಲಿ ಶಾಲೆಯ ಬಸ್ಸಿಗೆ ಬಾಲ ಬಂದಿತ್ತು.

ಮೂವತ್ತೊಂದು ವರ್ಷ ಅವಳು ಓಡಿಸಿದ್ದ ಅದೇ ಹಳದಿ ಬಸ್ಸು, ಪಶ್ಚಿಮ ನೆಬ್ರಾಸ್ಕಾದ ಅದೇ ಜಲ್ಲಿ ರಸ್ತೆ, ಎರಡೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಒಳಗೆ ಕೂತ ಮಕ್ಕಳಿಗೆಲ್ಲ ತಲೆ ನರೆತಿತ್ತು. ಆದರೂ ಅವರು ಮಕ್ಕಳೇ. ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಬಸ್ಸಿನ ಹಿಂದೆ ಮೀನಿಗಿರುವಂಥ ಉದ್ದನೆಯ ಬಾಲ ಮೊದಲು ಮೆಲ್ಲಗೆ, ಆಮೇಲೆ ಬೀಸಿ ಬೀಸಿ ಅತ್ತಿತ್ತ ಆಡುತ್ತಿತ್ತು. ಮಕ್ಕಳು ಯಾರೂ ಹೆದರಿರಲಿಲ್ಲ. ಹೆದರಿದ್ದವಳು ಅವಳೊಬ್ಬಳೇ. ಬಾಲ ಹೊಲದ ಬೇಲಿಗಳ ಮೇಲೆ ಹಾದು, ಮೋಡಗಳನ್ನು ಸವರಿ, ತಿರುಗಿ ಬರುತ್ತಿತ್ತು.

ಎಚ್ಚರಾದಾಗ ಮಧ್ಯಾಹ್ನ ಎರಡು ಗಂಟೆ. ಅವಳು ಅಡುಗೆಮನೆಯ ಪಕ್ಕದ ಆರಾಮಕುರ್ಚಿಯಲ್ಲಿದ್ದಳು. ಎದುರಿಗೆ ತಂಗಿ ಆರ್ಡಿಸ್ ನಿಂತು ನೋಡುತ್ತಿದ್ದಳು.

"ಅಕ್ಕಾ, ಮತ್ತೆ ಬಸ್ ಓಡಿಸ್ತಿದ್ಯಾ? ಬ್ರೇಕ್ ಒತ್ತಿದ ರಭಸಕ್ಕೆ ನಿನ್ನ ಚಪ್ಪಲಿ ಒಲೆ ಹತ್ರ ಹೋಗಿ ಬಿದ್ದಿದೆ ನೋಡು."

"ಸೊಳ್ಳೆ ಕಚ್ಚಿತು," ಎಂದಳು ಆರ್ಫಾ.

"ಮೇ ತಿಂಗಳ ಮೊದಲ ವಾರದಲ್ಲಿ ಸೊಳ್ಳೆ! ಪಾಪ, ಬೇಗ ಎದ್ದು ಬಂದಿರಬೇಕು." ಆರ್ಡಿಸ್ ಚಪ್ಪಲಿಯನ್ನು ತಂದು ಅಕ್ಕನ ಕಾಲಿನ ಬಳಿ ಇಟ್ಟು ಹೊರಗೆ ಹೋದಳು.

ಅಂಗಳದಲ್ಲಿ ಆ ಟ್ರೇಲರ್ ನಿಂತಿತ್ತು. ಇಪ್ಪತ್ತೆರಡು ಅಡಿ ಉದ್ದದ, ಕೆನೆ ಬಣ್ಣದ ಗಾಲಿಮನೆ. ಒಳಗೆ ಎರಡು ಹಾಸಿಗೆ, ಒಂದು ಪುಟ್ಟ ಒಲೆ, ಮಡಿಚುವ ಮೇಜು. ವೈಯೋಮಿಂಗಿನ ಬೆಟ್ಟದ ತಪ್ಪಲಿನಲ್ಲಿ ಒಂದು ಸರೋವರವಿದೆ. ಅದರ ದಂಡೆಯ ಶಿಬಿರತಾಣಕ್ಕೆ ಪ್ರತಿ ಬೇಸಿಗೆಯೂ ಒಬ್ಬರು ಆತಿಥೇಯರು ಬೇಕು. ತಮ್ಮದೇ ಟ್ರೇಲರಿನಲ್ಲಿ ನಾಲ್ಕು ತಿಂಗಳು ಅಲ್ಲಿದ್ದು, ಬಂದವರಿಗೆ ಜಾಗ ತೋರಿಸುವುದು, ಸೌದೆ ಕೊಡುವುದು, ಗಲಾಟೆ ಮಾಡುವವರಿಗೆ ಮೆತ್ತಗೆ ಹೇಳುವುದು. ಸಂಬಳವಿಲ್ಲ. ಬೆಳಿಗ್ಗೆ ಎದ್ದರೆ ಬಾಗಿಲಿನೆದುರು ನೀರು. ಆರ್ಡಿಸ್ ಅದಕ್ಕೆ ಹೆಸರು ಕೊಟ್ಟು ಆರು ವರ್ಷ ಕಾದಿದ್ದಳು. ಫೆಬ್ರವರಿಯಲ್ಲಿ ಫೋನ್ ಬಂದಾಗ ಅರವತ್ತಾರರ ಆ ಹೆಂಗಸು, ನಲವತ್ತು ವರ್ಷ ಊರಿನ ಗ್ರಂಥಾಲಯದಲ್ಲಿ ತುಟಿಗೆ ಬೆರಳಿಟ್ಟು ಎಲ್ಲರ ಬಾಯಿ ಮುಚ್ಚಿಸಿದವಳು, ಹಿಮದಲ್ಲಿ ಬರಿಗಾಲಿನಲ್ಲಿ ಹೊರಗೋಡಿ ಕೂಗಿಕೊಂಡಿದ್ದಳು.

ಮೇ ಹದಿನೈದಕ್ಕೆ ಅಲ್ಲಿರಬೇಕು. ಬರುವುದು ಖಚಿತ ಎಂದು ಈ ಸೋಮವಾರದೊಳಗೆ ಹೇಳಬೇಕು. ಹೇಳದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಪಿಕಪ್ ಗಾಡಿಗೆ ಕಟ್ಟಿ ಟ್ರೇಲರ್ ಎಳೆಯಬೇಕಾದವಳು ಆರ್ಫಾ. ಆರ್ಡಿಸ್ ರಿವರ್ಸ್ ಗೇರ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುವ ಜಾತಿಯವಳು.

"ನಾನಿದೀನಿ, ನೀನ್ಯಾಕೆ ಯೋಚನೆ ಮಾಡ್ತೀಯ?" ಎಂದು ಆರ್ಫಾ ಆಗ ಮಾತು ಕೊಟ್ಟಿದ್ದಳು. ಎರಡು ವಾರದ ಹಿಂದೆ ಒಂದು ಪರೀಕ್ಷೆಯ ಸುತ್ತು ಹಾಕಿ ಬರೋಣವೆಂದು ಹೆದ್ದಾರಿಗೆ ಹೋದರು. ಮೊದಲ ಇಪ್ಪತ್ತು ಮೈಲಿ ಹಾಯಾಗಿತ್ತು. ಆಮೇಲೆ ಒಂದು ದೊಡ್ಡ ಲಾರಿ ಎಡಗಡೆಯಿಂದ ದಾಟಿತು. ಗಾಳಿಯ ಒಂದು ತಳ್ಳು, ಅಷ್ಟೇ. ಹಿಂದಿನ ಟ್ರೇಲರ್ ಅತ್ತ ಓಲಿತು, ಇತ್ತ ಓಲಿತು, ಮೂರನೆಯ ಸಲ ಇನ್ನೂ ಬೀಸಾಗಿ ಓಲಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಆರ್ಫಾ ಬ್ರೇಕ್ ಒತ್ತಿದಳು. ಅದು ಇನ್ನಷ್ಟು ಕೆರಳಿತು. ಕನ್ನಡಿಯಲ್ಲಿ ಒಮ್ಮೆ ಟ್ರೇಲರಿನ ಎಡಗೋಡೆ ಪೂರ್ತಿ ಕಂಡಿತು, ಮರುಕ್ಷಣ ಬಲಗೋಡೆ. ರಸ್ತೆಯ ಅಂಚಿನಲ್ಲಿ ಹೇಗೆ ನಿಂತಿತೋ ಅವಳಿಗೆ ಗೊತ್ತಿಲ್ಲ. ಪಿಕಪ್ಪಿನೊಳಗೆ ಇಬ್ಬರೂ ಸ್ವಲ್ಪ ಹೊತ್ತು ಹುಲ್ಲನ್ನು ನೋಡುತ್ತ ಕೂತರು. ಹುಲ್ಲು ಅಲೆ ಅಲೆಯಾಗಿ ಮಲಗಿ ಏಳುತ್ತಿತ್ತು.

"ಗಾಳಿ," ಎಂದಿದ್ದಳು ಆರ್ಫಾ. "ಗಾಳಿ," ಎಂದಿದ್ದಳು ಆರ್ಡಿಸ್. ಮನೆಗೆ ಬರುವವರೆಗೂ ಅಷ್ಟೇ ಮಾತು.

ಅಂದಿನಿಂದ ಆರ್ಫಾ ಟ್ರೇಲರ್ ಎಳೆದಿರಲಿಲ್ಲ. ಪಿಕಪ್ಪಿಗೆ ಟ್ರೇಲರನ್ನು ಜೋಡಿಸುವ ಕೊಂಡಿಯ ಬಗ್ಗೆ ಕಂಡವರನ್ನೆಲ್ಲ ಕೇಳಿದ್ದಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವ ಗಂಡಸರಲ್ಲಿ ಒಬ್ಬೊಬ್ಬರಿಗೂ ಅವರವರ ಕೊಂಡಿಯೇ ದೇವರು. ಒಬ್ಬ ಒಂಟಿ ಸರಳು ಸಾಕೆಂದ. ಇನ್ನೊಬ್ಬ, ಅದನ್ನು ನಂಬಿದವನು ಹಳ್ಳದಲ್ಲಿರುತ್ತಾನೆ ಎಂದ. ಮೂರನೆಯವನು ಮೇಜಿನ ಮೇಲಿನ ಚಮಚ, ಸಕ್ಕರೆ ಬಟ್ಟಲುಗಳನ್ನೆಲ್ಲ ಜೋಡಿಸಿ ಮೂಲೆಯಿಂದ ಮೂಲೆಗೆ ಎಳೆದು ತೋರಿಸಿದ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಆ ಗುರುವಾರ ಕನಸಿನಿಂದೆದ್ದು ಚಪ್ಪಲಿ ಮೆಟ್ಟಿದಾಗ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ನನ್ನಿಂದಾಗುವುದಿಲ್ಲ, ಮಾರಿಬಿಡೋಣ ಎಂದು ಹೇಳಿಬಿಡುವುದು. ಹೇಳಲೆಂದೇ ಟ್ರೇಲರಿನ ಮೆಟ್ಟಿಲು ಹತ್ತಿದಳು. ಒಳಗೆ ಬಿಸಿಲು ಪರದೆಯ ಮೂಲಕ ಜೇನಿನ ಬಣ್ಣವಾಗಿ ಬಿದ್ದಿತ್ತು. ಹೊರಗಿನ ಗಾಳಿಗೆ ಗಾಲಿಮನೆ ದಡದಲ್ಲಿ ಕಟ್ಟಿದ ದೋಣಿಯ ಹಾಗೆ ಮೆಲ್ಲಗೆ ತೂಗುತ್ತಿತ್ತು. ಆರ್ಡಿಸ್ ನೆಲದ ಮೇಲೆ ಕೂತು ಒಂದು ಹಲಗೆಗೆ ಬಣ್ಣ ಹಚ್ಚುತ್ತಿದ್ದಳು. ಶಿಬಿರದವರಿಗೆ ಓದಲು ಕೊಡುವುದಕ್ಕೆ ಅವಳು ಪೆಟ್ಟಿಗೆ ಪೆಟ್ಟಿಗೆ ಹಳೆಯ ಪುಸ್ತಕ ಕೂಡಿಸಿದ್ದಳು, ಹಲಗೆ ಅದಕ್ಕೆ. "ಓದಿ, ವಾಪಸ್ ಇಡಿ. ಕಥೆ ಮುಗಿದಿರದಿದ್ದರೆ ಮನೆಗೊಯ್ಯಿರಿ" ಎಂದು ಬರೆದಿದ್ದಳು.

"'ಮನೆಗೊಯ್ಯಿರಿ' ಅಂದ್ರೆ ಒಂದೂ ಉಳಿಯಲ್ಲ ಕಣೇ," ಎಂದಳು ಆರ್ಫಾ.

"ಉಳಿಯದಿರಲಿ ಬಿಡು. ನಲವತ್ತು ವರ್ಷ ದಂಡ ಹಾಕಿ ಹಾಕಿ ಸಾಕಾಗಿದೆ." ಆರ್ಡಿಸ್ ಕುಂಚ ಎತ್ತಿ ಹಿಡಿದು ಅಕ್ಕನ ಮುಖ ನೋಡಿದಳು. "ಏನೋ ಹೇಳೋಕೆ ಬಂದೆ ನೀನು."

ಆರ್ಫಾ ಹೇಳಬೇಕಾದ್ದನ್ನು ನುಂಗಿಕೊಂಡಳು. "ನಾಳೆ ಲೈಲ್ ಅಂಗಡಿಗೆ ಹೋಗೋಣ ಅಂತ. ಒಳ್ಳೇ ಕೊಂಡಿ ನೋಡೋಣ."

"ಟ್ರೇಲರ್ ಎಳ್ಕೊಂಡಾ?"

"ಮತ್ತೆ ಹೊತ್ಕೊಂಡು ಹೋಗೋಕಾಗುತ್ತಾ?"

ಲೈಲನ ಅಂಗಡಿ ಹನ್ನೊಂದು ಮೈಲಿ. ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಆರ್ಫಾ ಗಂಟೆಗೆ ಮೂವತ್ತು ಮೈಲಿ ದಾಟದೆ ಹೋದಳು. ಎರಡೂ ಕೈ ಸ್ಟೀರಿಂಗಿಗೆ ಅಂಟಿಕೊಂಡಿದ್ದವು. ಹಿಂದೆ ಯಾರದೋ ಹಳೆಯ ಪಿಕಪ್ ಬಂದು ಸೇರಿಕೊಂಡಿತು. ರಸ್ತೆ ಖಾಲಿಯಿತ್ತು, ದಾಟಿ ಹೋಗಬಹುದಿತ್ತು. ಅದು ದಾಟಲಿಲ್ಲ, ಹಾರನ್ ಒತ್ತಲಿಲ್ಲ. ಎರಡೂ ಪಕ್ಕದ ದೀಪ ಮಿನುಗಿಸಿಕೊಂಡು, ಹಿಂದಿನಿಂದ ಯಾರಾದರೂ ರಭಸವಾಗಿ ಬಂದರೆ ಕಾಣಲಿ ಎಂಬಂತೆ, ಒಂಬತ್ತು ಮೈಲಿ ಕಾವಲು ಬಂದಿತು. ತನ್ನ ಹೊಲದ ದಾರಿಗೆ ಹೊರಳುವಾಗ ಆ ರೈತ ನಮಸ್ಕಾರವೆಂಬಂತೆ ಸ್ಟೀರಿಂಗಿನ ಮೇಲಿಂದ ಒಂದೇ ಬೆರಳು ಎತ್ತಿದ. ಆರ್ಫಾ ತಿರುಗಿ ಬೆರಳು ಎತ್ತಲಾರದೆ ಹೋದಳು. ಅದು ಅವಳನ್ನು ಉಳಿದ ದಾರಿಯುದ್ದಕ್ಕೂ ಕೊರೆಯಿತು.

ಲೈಲ್ ಹಾಬರ್ಮನ್‌ನಿಗೆ ಐವತ್ತು ದಾಟಿತ್ತು. ಟ್ರೇಲರ್ ಬಿಡಿಭಾಗಗಳ ಅಂಗಡಿಯ ಬಾಗಿಲಲ್ಲಿ ನಿಂತು, ಪಿಕಪ್ಪಿನಿಂದ ಇಳಿಯುತ್ತಿದ್ದ ಆರ್ಫಾಳನ್ನು ಕಂಡು ಟೋಪಿ ತೆಗೆದ.

"ಮಿಸೆಸ್ ಲಿಂಡ್‌ಕ್ವಿಸ್ಟ್! ನಾನೀಗ ಕೂತ್ಕೋಬೇಕಾ, ನಿಂತಿದ್ರೆ ನಡೆಯುತ್ತಾ?"

"ನೀನು ನನ್ನ ಬಸ್ಸಲ್ಲಿ ಯಾವತ್ತು ಕೂತಿದ್ದೆಯೋ? ಎರಡು ಸಲ ವಾಂತಿ ಮಾಡಿದೋನು."

"ಮೂರು ಸಲ. ಮೂರನೇದನ್ನ ನೀವು ಯಾರಿಗೂ ಹೇಳ್ಲಿಲ್ಲ." ಅವನು ನಕ್ಕು ಆರ್ಡಿಸಳ ಕಡೆ ತಿರುಗಿದ. "ಮಿಸ್ ನೈಬರ್ಗ್, ನಿಮ್ಮ ಲೈಬ್ರರಿಯಿಂದ ತಂದ ಒಂದು ಪುಸ್ತಕ ಇನ್ನೂ ನನ್ನ ಹತ್ರಾನೇ ಇದೆ."

"ಗೊತ್ತು," ಎಂದಳು ಆರ್ಡಿಸ್.

ಆರ್ಫಾ ನಡೆದದ್ದನ್ನು ಹೇಳಿದಳು. ಗಾಳಿ, ಲಾರಿ, ಹಗುರವಾದ ಕೊಂಡಿ. ಓಲಾಟವನ್ನು ಹಿಡಿದು ನಿಲ್ಲಿಸುವ, ಇರುವುದರಲ್ಲೆಲ್ಲ ಗಟ್ಟಿಯಾದದ್ದು ಬೇಕು ಎಂದಳು. ಲೈಲ್ ಕೇಳುತ್ತ ಟ್ರೇಲರನ್ನು ಒಂದು ಸುತ್ತು ಬಂದ. ಟ್ರೇಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೂಕಿಯ ಬಳಿ ಮಂಡಿಯೂರಿ, ಅದು ಪಿಕಪ್ಪಿನ ಉಕ್ಕಿನ ಗುಂಡಿನ ಮೇಲೆ ಕೂತ ಬಗೆಯನ್ನು ನೋಡಿದ. ಪಿಕಪ್ಪಿನ ಹಿಂಭಾಗ ಒಂದಿಷ್ಟೂ ತಗ್ಗಿರಲಿಲ್ಲ.

"ಒಳಗೆ ಸಾಮಾನು ಎಲ್ಲೆಲ್ಲಿ ಇಟ್ಟಿದೀರ?"

"ಭಾರದ್ದೆಲ್ಲ ಹಿಂದೆ, ಕೊನೇ ಹಾಸಿಗೆ ಕೆಳಗೆ," ಎಂದಳು ಆರ್ಫಾ ಸ್ವಲ್ಪ ಹೆಮ್ಮೆಯಿಂದ. "ಪುಸ್ತಕದ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ, ಎಲ್ಲ. ಇವಳು ಮುಂದೆ ಇಡೋಕೆ ಹೊರಟಿದ್ಲು, ನಾನು ಬೈದು ಹಿಂದೆ ಇಡಿಸ್ದೆ. ಅಪ್ಪ ಹುಲ್ಲಿನ ಬಂಡಿ ತುಂಬುವಾಗ ಅದನ್ನೇ ಹೇಳ್ತಿದ್ರು. ಎಳೆಯೋನ ಕುತ್ತಿಗೆ ಮೇಲೆ ಭಾರ ಹೊರಿಸಬಾರದು ಅಂತ."

ಲೈಲ್ ಎದ್ದು ಮಂಡಿಯ ಧೂಳು ಕೊಡವಿದ. ಅವಳಪ್ಪನ ಮಾತಿಗೆ ಎದುರಾಡಲಿಲ್ಲ. "ರೈಲು ಹಳಿ ಆಚೆ ಧಾನ್ಯದ ಕಣಜಕ್ಕೆ ಹೋಗಿ ಒಂದ್ಸಲ ತೂಕ ಹಾಕಿಸ್ಕೊಂಡು ಬನ್ನಿ. ಮಾರ್ವಾ ಇರ್ತಾಳೆ. ಮೊದಲು ಪಿಕಪ್ ಬಿಚ್ಚಿ ಇಡೀ ಟ್ರೇಲರ್. ಆಮೇಲೆ ಮೂಕಿ ಮಾತ್ರ ತೂಕದ ಕಟ್ಟೆಯಿಂದ ಆಚೆ ಇಟ್ಟು ಇನ್ನೊಂದ್ಸಲ. ಎರಡು ಸಂಖ್ಯೆ ಬರ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ಏನೂ ಮಾರಲ್ಲ."

"ಇವನ ವ್ಯಾಪಾರ ಉದ್ಧಾರ ಆದ ಹಾಗೇ," ಎಂದಳು ಆರ್ಡಿಸ್ ಪಿಕಪ್ ಹತ್ತುತ್ತ.

ಕಣಜದ ಬಿಳಿಯ ಗೋಪುರಗಳು ಆ ಬಯಲಿನಲ್ಲಿ ಯಾರೋ ಮರೆತು ಹೋದ ಕೋಟೆಯ ಹಾಗೆ ನಿಂತಿದ್ದವು. ತೂಕದ ಕಟ್ಟೆಯ ಪಕ್ಕದ ಗೂಡಿನಿಂದ ಮಾರ್ವಾ ಕಿಟಕಿ ಸರಿಸಿ ತಲೆ ಹೊರಹಾಕಿದಳು. "ಗೋಧಿನೂ ಅಲ್ಲ, ಜೋಳಾನೂ ಅಲ್ಲ. ಏನ್ ತಂದಿದೀರ ಅಕ್ಕತಂಗಿ?"

"ಸಾಹಿತ್ಯ," ಎಂದಳು ಆರ್ಡಿಸ್.

"ಅದಕ್ಕೆ ಇವತ್ತು ಧಾರಣೆ ಬಂದಿಲ್ಲ."

ಹಿಂದೆಯೇ ಜೋಳದ ಲಾರಿಯೊಂದು ಬಂದು ನಿಂತಿತು. ಆರ್ಫಾ ಗಾಬರಿಯಾಗಿ ಗಾಡಿ ಸರಿಸಲು ಹೊರಟಾಗ ಅದರ ರೈತ ಕಿಟಕಿಯಿಂದ ಕೈ ಆಡಿಸಿ, ಎಂಜಿನ್ ಆರಿಸಿ, ಬುತ್ತಿ ಬಿಚ್ಚಿಕೊಂಡು ಕೂತ. ಆರ್ಫಾ ಚಕ್ರಕ್ಕೆ ಮರದ ತುಂಡು ಕೊಟ್ಟು, ಜಾಕ್ ತಿರುಗಿಸಿ ಮೂಕಿಯನ್ನು ಗುಂಡಿನಿಂದ ಎತ್ತಿ, ಪಿಕಪ್ಪನ್ನು ಮುಂದೆ ತಂದಳು.

"ಐದು ಸಾವಿರದ ಇನ್ನೂರು ಪೌಂಡ್," ಎಂದು ಮಾರ್ವಾ ಕೂಗಿದಳು.

ಮತ್ತೆ ಕಟ್ಟಿ, ಸ್ವಲ್ಪ ಎಳೆದು, ಮೂಕಿಯ ಜಾಕ್ ಕಟ್ಟೆಯ ಆಚೆಯ ನೆಲದ ಮೇಲೆ ಬರುವಂತೆ ಇಳಿಸಿದಳು. ಈಗ ಕಟ್ಟೆಯ ಮೇಲಿದ್ದದ್ದು ಚಕ್ರಗಳು ಮಾತ್ರ.

"ನಾಲ್ಕು ಸಾವಿರದ ಒಂಬೈನೂರ ನಲವತ್ತು." ಮಾರ್ವಾ ಎರಡನ್ನೂ ಚೀಟಿಯಲ್ಲಿ ಬರೆದು, ಕಳೆದು, ಕೆಳಗೆ ಗೆರೆ ಎಳೆದಳು. ಅವಳ ಹುಬ್ಬು ಮೇಲೇರಿತು. "ಮೂಕಿ ಮೇಲೆ ಬರೀ ಇನ್ನೂರರವತ್ತು ಕಣ್ರೀ. ಇಷ್ಟು ದೊಡ್ಡ ಗಾಡಿಗೆ ಕಡಿಮೆ ಅಂದ್ರೂ ಐನೂರ ಇಪ್ಪತ್ತು ಬೇಕು. ಬಾಲ ಬೀಸಲ್ವಾ ಇದು?"

ಆರ್ಫಾ ಚೀಟಿ ಹಿಡಿದು ಟ್ರೇಲರಿನ ಪಕ್ಕಕ್ಕೆ ಹೋಗಿ ಚಕ್ರಗಳನ್ನು ನೋಡುತ್ತ ನಿಂತಳು. ನಾಲ್ಕು ಚಕ್ರ. ಅಪ್ಪನ ಬಂಡಿಗೂ ನಾಲ್ಕೇ.

ಬಿಸಿಲಿನಲ್ಲಿ ಅವಳಿಗೆ ಆ ಬಂಡಿ ಕಂಡಿತು. ಒಣಹುಲ್ಲಿನ ಮೇಲೆ ಅಂಗಾತ ಮಲಗಿದ ಇಬ್ಬರು ಹುಡುಗಿಯರು. ಬಂಡಿ ನಿಂತೇ ಇದೆ, ಆಕಾಶವೇ ಹಿಂದಕ್ಕೆ ಹರಿಯುತ್ತಿದೆ ಎಂಬ ಭ್ರಮೆ. ದೂರದಲ್ಲಿ, ನೀರಿನೊಳಗಿಂದ ಎಂಬಂತೆ ಟ್ರ್ಯಾಕ್ಟರಿನ ಸದ್ದು, ಅಪ್ಪನ ಸಿಳ್ಳೆ. ಆ ಬಂಡಿಗೆ ನಾಲ್ಕು ಮೂಲೆಗೆ ನಾಲ್ಕು ಚಕ್ರವಿತ್ತು. ಯಾರ ಹಂಗೂ ಇಲ್ಲದೆ ಅದು ತಾನೇ ನಿಲ್ಲುತ್ತಿತ್ತು. ಮೂಕಿ ಬರೀ ದಾರಿ ತೋರಿಸುತ್ತಿತ್ತು. ಭಾರ ಎಲ್ಲಿಟ್ಟರೂ ಅದು ಹಿಂದೆ ಬರುತ್ತಿತ್ತು. ಈ ಟ್ರೇಲರಿಗೆ ನಾಲ್ಕೂ ಚಕ್ರ ನಡುವಿನಲ್ಲೇ ಒತ್ತಾಗಿ ಕೂತಿದ್ದವು, ಏರಿಳಿಯುವ ಆಟದ ಹಲಗೆಯ ನಡುವಿನ ಆಧಾರದಂತೆ. ಹಿಂಭಾರವಾದರೆ ಮುಂದಿನ ತುದಿ ಮೇಲೇಳುತ್ತದೆ. ಹಿಂದಿನ ತುದಿಗೆ ತನ್ನದೇ ಮನಸ್ಸು ಹುಟ್ಟುತ್ತದೆ. ಇದಕ್ಕೆ ತನ್ನ ಭಾರದ ಒಂದು ಪಾಲನ್ನು ಎಳೆಯುವವನ ಹೆಗಲಿಗೆ ಕೊಟ್ಟರೇನೇ ನೆಮ್ಮದಿ.

ಅಪ್ಪ ಹೇಳಿದ್ದು ಸುಳ್ಳಲ್ಲ. ಅಪ್ಪ ಹೇಳಿದ್ದು ಈ ಗಾಡಿಗಲ್ಲ.

"ಆರ್ಡಿಸ್," ಎಂದಳು. "ಗಾಳಿ ಅಲ್ಲ ಕಣೇ. ಕೊಂಡಿನೂ ಅಲ್ಲ. ನಾನು. ನೀನು ಪೆಟ್ಟಿಗೆ ಮುಂದೆ ಇಡ್ತೀನಿ ಅಂದಾಗ ನಾನು ಬೈದೆ ನೋಡು, ಅದೇ. ನಿನ್ನನ್ನೂ ಕೊಲ್ತಿದ್ದೆ, ನಾನೂ ಸಾಯ್ತಿದ್ದೆ."

ಆರ್ಡಿಸ್ ಚೀಟಿಯನ್ನು ತೆಗೆದುಕೊಂಡು ಓದಿದಳು, ಮಡಿಚಿ ಜೇಬಿಗೆ ಹಾಕಿಕೊಂಡಳು. ಅವಳಿಗೆ ಆಡಲು ಬೇಕಾದಷ್ಟಿತ್ತು. ಐದು ವರ್ಷ ಚಿಕ್ಕವಳಾಗಿ ಹುಟ್ಟಿದ್ದಕ್ಕೆ ಅರವತ್ತಾರು ವರ್ಷದ ಬಾಕಿ ತೀರಿಸಿಕೊಳ್ಳಬಹುದಿತ್ತು.

"ನಾನು ಮುಂದೆ ಇಡೋಣ ಅಂದಿದ್ದು ಯಾಕೆ ಗೊತ್ತಾ?" ಎಂದಳು. "ಬಾಗಿಲು ಹತ್ರ ಅಂತ. ಸೋಮಾರಿತನ. ತೂಕದ ವಿಷಯ ನನಗೇನು ಗೊತ್ತಿತ್ತು? ಬಾ, ಪೆಟ್ಟಿಗೆ ಎತ್ತು."

ಪೆಟ್ಟಿಗೆಗಳು ಭಾರವಾಗಿದ್ದವು. ಮೊದಲನೆಯದನ್ನು ಇಬ್ಬರೂ ಸೇರಿ ಎತ್ತುವಷ್ಟರಲ್ಲಿ ಬುತ್ತಿ ಮುಗಿಸಿದ ರೈತ ಬಾಯಿ ಒರೆಸಿಕೊಂಡು ಬಂದ, ಮಾರ್ವಾ ಕೈಗವಸು ಹಾಕಿಕೊಂಡು ಬಂದಳು. ಯಾರೂ ಕರೆದಿರಲಿಲ್ಲ. ಎಂಟು ಪೆಟ್ಟಿಗೆ ಮುಂದಿನ ಮೇಜಿನ ಕೆಳಗೆ ಬಂದವು. ಭರಣಿಗಳು ನಡುವೆ, ಚಕ್ರಗಳ ನೇರಕ್ಕೆ. ಕೊನೆಯ ಪೆಟ್ಟಿಗೆ ಇಳಿಸಿದ ರೈತ ಮೇಲಿದ್ದ ಪುಸ್ತಕವೊಂದನ್ನು ತಿರುವಿ ಹಾಕುತ್ತ ನಿಂತುಬಿಟ್ಟ.

"ತಗೊಂಡು ಹೋಗಿ," ಎಂದಳು ಆರ್ಡಿಸ್.

"ವಾಪಸ್ ಎಲ್ಲಿಗೆ ತಂದ್ಕೊಡ್ಲಿ?"

ಆರ್ಡಿಸ್ ಅಕ್ಕನ ಕಡೆ ನೋಡಲಿಲ್ಲ. "ಅದಿನ್ನೂ ಗೊತ್ತಾಗಿಲ್ಲ," ಎಂದಳು.

ಮತ್ತೆ ತೂಕ ಹಾಕಿದಾಗ ಮೂಕಿಯ ಮೇಲೆ ಆರುನೂರ ಇಪ್ಪತ್ತು ಪೌಂಡ್ ಬಂತು. "ಈಗ ಮನುಷ್ಯರ ಗಾಡಿ ಆಯ್ತು," ಎಂದು ಮಾರ್ವಾ ಕಿಟಕಿ ಮುಚ್ಚಿದಳು.

ಆದರೆ ಪಿಕಪ್ಪಿನ ಹಿಂಭಾಗ ಈಗ ಕುಸಿದು, ಮೂತಿ ಆಕಾಶ ನೋಡುತ್ತಿತ್ತು. ಅಂಗಡಿಗೆ ವಾಪಸ್ ಬಂದಾಗ ಲೈಲ್ ಅದನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದ. "ಈಗ ಕೊಂಡಿ ಮಾತಾಡೋಣ. ಓಲಾಟ ತಡೆಯೋ ಕೊಂಡಿ ಊರುಗೋಲಿದ್ದ ಹಾಗೆ, ಮಿಸೆಸ್ ಲಿಂಡ್‌ಕ್ವಿಸ್ಟ್. ಸರಿಯಾಗಿ ತುಂಬಿದ ಗಾಡಿಗೆ ಕೈ ಹಿಡಿಯುತ್ತೆ. ತಪ್ಪು ತುಂಬಿದ್ದನ್ನ ಸ್ವಲ್ಪ ದಿನ ಮುಚ್ಚಿಡುತ್ತೆ, ಅಷ್ಟೇ. ಬೆಳಿಗ್ಗೆನೇ ಮಾರಿದ್ರೆ ನಾನು ಮುಚ್ಚಿಟ್ಟ ಹಾಗೆ ಆಗ್ತಿತ್ತು."

ನೆಲದ ಮೇಲೆ ಮೂರನ್ನು ಸಾಲಾಗಿಟ್ಟ. ಮೊದಲನೆಯದು ಒಂಟಿ ಸರಳು, ಮೂಕಿಗೂ ಪಿಕಪ್ಪಿಗೂ ನಡುವೆ ಒಂದೇ ಪಕ್ಕಕ್ಕೆ ಕೂರುವಂಥದ್ದು. ಬಿಗಿ ಮಾಡಿದರೆ ತಿಕ್ಕಾಟದಿಂದ ಓಲಾಟ ಹಿಡಿಯುತ್ತದೆ. "ಅಗ್ಗ. ಆದ್ರೆ ಹಿಂದಕ್ಕೆ ಹೋಗೋ ಮುಂಚೆ ಪ್ರತಿ ಸಲ ಇಳಿದು ಬಿಚ್ಚಬೇಕು. ಮರೆತ್ರೆ ಬಗ್ಗಿ ಹೋಗುತ್ತೆ. ಮಳೇಲಿ ಹಿಡಿತ ಕಮ್ಮಿ. ಭಾರನೂ ಹಂಚಲ್ಲ." ಮೂರನೆಯದು ಕಬ್ಬಿಣದ ಒಂದು ರಾಕ್ಷಸ. "ಇದು ಬಾಲ ಅಲ್ಲಾಡೋಕೇ ಬಿಡಲ್ಲ. ಆದ್ರೆ ಇದನ್ನ ಎತ್ತೋಕೆ ನನ್ನಂಥೋರು ಇಬ್ಬರು ಬೇಕು, ಕೂಡಿಸುವಾಗ ಗಾಡಿ ಕೂದಲೆಳೆ ಆಚೀಚೆ ಆಗಬಾರದು."

ನಡುವಿನದಕ್ಕೆ ಎರಡು ಉದ್ದನೆಯ ಸ್ಪ್ರಿಂಗ್ ಸರಳುಗಳಿದ್ದವು. ಗುಂಡಿನ ಬುಡದಿಂದ ಹೊರಟು ಮೂಕಿಯ ಎರಡೂ ಬದಿಗೆ ಹೊರಚಾಚಿದ ಕಬ್ಬಿಣದ ತುಂಡುಗಳ, ಅಂದರೆ ಚಾಚುಗಳ, ಮೇಲೆ ಕೂರುತ್ತವೆ. ಮೂಕಿಯ ಭಾರವನ್ನು ಸ್ವಲ್ಪ ಪಿಕಪ್ಪಿನ ಮುಂಗಾಲಿಗೆ, ಸ್ವಲ್ಪ ಟ್ರೇಲರಿನ ಚಕ್ರಕ್ಕೆ ದಾಟಿಸುತ್ತವೆ. ಚಾಚಿನ ಮೇಲೆ ತಿಕ್ಕಿಕೊಂಡು ಓಲಾಟವನ್ನೂ ತಡೆಯುತ್ತವೆ.

"ನಿಮ್ಮಮ್ಮ ಆಗಿದ್ರೆ ಯಾವುದು ಕೊಡ್ತಿದ್ದೆ?" ಎಂದು ಆರ್ಡಿಸ್ ಕೇಳಿದಳು.

"ನಮ್ಮಮ್ಮ ನನ್ನ ಮಾತು ಯಾವತ್ತು ಕೇಳಿದ್ರು?"

ಆರ್ಫಾ ನಡುವಿನದರ ಒಂದು ಸರಳನ್ನು ಎತ್ತಿ ಅಂಗೈಯಲ್ಲಿ ತೂಗಿದಳು. ಅವಳ ಬೆರಳ ಗಂಟುಗಳು ಊದಿದ್ದವು. "ಇದನ್ನ ನಾನೇ ಹಾಕಬೇಕು, ನಾನೇ ಬಿಚ್ಚಬೇಕು ಲೈಲ್. ಆ ಬೆಟ್ಟದ ಮೇಲೆ ನೀನಿರಲ್ಲ."

"ಹಾಕಿ ನೋಡಿ ಮತ್ತೆ."

ಲೈಲ್ ಕೊಂಡಿಯ ತಲೆಯನ್ನೂ ಚಾಚುಗಳನ್ನೂ ಜೋಡಿಸಿಕೊಟ್ಟು, ಕೈ ಒರೆಸಿಕೊಂಡು ದೂರ ನಿಂತ. ಆರ್ಫಾ ಟ್ರೇಲರನ್ನು ಗುಂಡಿನ ಮೇಲೆ ಕೂರಿಸಿ ಸರಳನ್ನು ಚಾಚಿನ ಮೇಲೇರಿಸಲು ಸನ್ನೆಕೋಲು ಹಾಕಿ ಒತ್ತಿದಳು. ಅದು ಜಗ್ಗಲಿಲ್ಲ. ಮತ್ತೆ ಒತ್ತಿದಳು. ಬೆವರು ಕಣ್ಣಿಗಿಳಿಯಿತು. ಆರ್ಡಿಸ್ ಮುಂದೆ ಬರಹೋದಾಗ ಲೈಲ್ ತಲೆಯಾಡಿಸಿ ತಡೆದ.

"ಗುಂಡಿನ ಮೇಲೆ ಬೀಗ ಬಿತ್ತಲ್ಲ? ಈಗ ಜಾಕ್ ತಿರುಗಿಸಿ ಮೂಕಿನ ಮೇಲೆತ್ತಿ. ಪಿಕಪ್ಪಿನ ಹಿಂಭಾಗನೂ ಜೊತೆಗೆ ಮೇಲೆ ಬರುತ್ತೆ. ಎರಡನ್ನೂ ಎತ್ತಿ."

ಅವಳು ಜಾಕ್ ತಿರುಗಿಸಿದಳು. ಟ್ರೇಲರಿನ ಮೂತಿ, ಅದರೊಂದಿಗೆ ಪಿಕಪ್ಪಿನ ಬೆನ್ನು, ಎರಡೂ ಒಟ್ಟಿಗೆ ಉಸಿರೆಳೆದುಕೊಂಡ ಹಾಗೆ ಮೇಲೆದ್ದವು. ಸರಳು ತಾನಾಗಿ ಚಾಚಿನ ಮಟ್ಟಕ್ಕೆ ಬಂತು. ಒಂದು ಕೈಯಿಂದ, ಕಪಾಟಿನೊಳಗೆ ತಟ್ಟೆ ಸರಿಸುವ ಹಾಗೆ, ಅವಳು ಅದನ್ನು ಸರಿಸಿ ಕೂರಿಸಿದಳು. ಇನ್ನೊಂದನ್ನೂ. ಮತ್ತೆ ಜಾಕ್ ಇಳಿಸಿದಾಗ ಸರಳುಗಳು ಬಿಗಿದು ಸಣ್ಣಗೆ ನರಳಿದವು.

"ಇದನ್ನ ಯಾಕೋ ಮೊದಲೇ ಹೇಳ್ಲಿಲ್ಲ?"

"ಮೊದಲೇ ಹೇಳಿದ್ರೆ ನೆನಪಿರ್ತಿರಲಿಲ್ಲ."

ಆರ್ಡಿಸ್ ಹೊಲಿಗೆಯ ಟೇಪು ಹಿಡಿದು ಪಿಕಪ್ಪಿನ ಮುಂಚಕ್ರದ ಮೇಲಿನ ತಗಡಿನ ಎತ್ತರ ಅಳೆಯುತ್ತಿದ್ದಳು. ಬರಿಯ ಪಿಕಪ್ಪಿಗೆ ಮೂವತ್ತಾರು ಇಂಚು. ಟ್ರೇಲರ್ ಕೂತಾಗ ಮೂವತ್ತೇಳೂವರೆ. ಸರಳು ಬಿಗಿದ ಮೇಲೆ ಮೂವತ್ತಾರೂ ಕಾಲು. ಮುಂಗಾಲು ಮತ್ತೆ ನೆಲ ಊರಿತ್ತು. ಸಾಕು, ಇನ್ನು ಬಿಗಿ ಬೇಡ ಎಂದ ಲೈಲ್. ಹೊರಡುವಾಗ ಕಿಟಕಿಗೆ ಬಾಗಿ ಒಂದು ಮಾತು ಸೇರಿಸಿದ. "ಓಲಿದ್ರೆ ಪಿಕಪ್ಪಿನ ಬ್ರೇಕ್ ಮುಟ್ಟಬೇಡಿ. ವೇಗದಿಂದ ಕಾಲು ತೆಗೀರಿ, ಇಲ್ಲಿ ಈ ಬಟನ್ ಒತ್ತಿ. ಟ್ರೇಲರ್ ಮಾತ್ರ ಬ್ರೇಕ್ ಹಾಕುತ್ತೆ, ತಾನೇ ನೆಟ್ಟಗಾಗುತ್ತೆ."

ಅಂಗಡಿಯ ಬಾಯಿಗೆ ಬಂದಾಗ ಬಲಕ್ಕೆ ಒಳರಸ್ತೆ, ಎಡಕ್ಕೆ ಹೆದ್ದಾರಿ. ಆರ್ಫಾ ಗಾಡಿ ನಿಲ್ಲಿಸಿಕೊಂಡು ಕೂತಳು.

"ಆರ್ಡಿಸ್, ನಿನಗೊಂದು ಹೇಳ್ಬೇಕು. ನಿನ್ನೆ ನಾನು ಟ್ರೇಲರ್ ಒಳಗೆ ಬಂದಿದ್ದು ಇದನ್ನ ಮಾರೋಣ ಅನ್ನೋಕೆ."

"ಗೊತ್ತು."

"ನಿನಗೆಲ್ಲಾ ಗೊತ್ತು!"

"ಮೂವತ್ತೊಂದು ವರ್ಷ ಹಿಮದಲ್ಲಿ ಬಸ್ ಓಡಿಸಿದೋಳು ನೀನು. ನಿನಗೆ ಬೇಡ ಅನ್ನಿಸಿದ್ರೆ ಬೇಡ. ಸರೋವರ ಎಲ್ಲೂ ಹೋಗಲ್ಲ." ಆರ್ಡಿಸ್ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. ತೀರ ಬಿಗಿಯಾಗಿ ಸುತ್ತುತ್ತಿದ್ದಳು. "ನಿಜವಾಗ್ಲೂ, ಅಕ್ಕ."

"ಹೆದ್ದಾರೀಲಿ ಹೋಗೋಣ," ಎಂದಳು ಆರ್ಫಾ. "ಒಂದು ಲಾರಿ ದಾಟಲಿ. ಆಮೇಲೆ ಹೇಳ್ತೀನಿ."

ಮಧ್ಯಾಹ್ನ ಇಳಿಯುತ್ತಿತ್ತು. ಗಾಳಿ ಎಡಗಡೆಯಿಂದ ಒಂದೇ ಸಮ ಬೀಸುತ್ತಿತ್ತು. ಬಯಲಿನಲ್ಲಿ ಮೋಡದ ನೆರಳುಗಳು ದನದ ಹಿಂಡಿನಂತೆ ಸಾವಕಾಶವಾಗಿ ರಸ್ತೆ ದಾಟುತ್ತಿದ್ದವು; ಪಿಕಪ್ ಒಮ್ಮೆ ನೆರಳಿನೊಳಗೆ, ಒಮ್ಮೆ ಬೆಳಕಿನೊಳಗೆ, ಎಚ್ಚರ ನಿದ್ದೆಗಳ ನಡುವೆ ಹಾಯುವವರ ಹಾಗೆ ಹಾಯುತ್ತಿತ್ತು. ಐವತ್ತು ಮೈಲಿ. ಐವತ್ತೈದು. ಹಿಂದೆ ಟ್ರೇಲರ್ ಇದೆಯೋ ಇಲ್ಲವೋ ಎಂದು ಕನ್ನಡಿ ನೋಡಿ ತಿಳಿಯಬೇಕಾಯಿತು.

ಅದೇ ಕನ್ನಡಿಯಲ್ಲಿ ಲಾರಿ ಕಂಡಿತು. ದನ ಸಾಗಿಸುವ ದೊಡ್ಡ ಲಾರಿ, ಬಿಸಿಲಿನಲ್ಲಿ ಬೆಳ್ಳಿಯ ಚುಕ್ಕಿ. ಚುಕ್ಕಿ ದೊಡ್ಡದಾಯಿತು. ಎಡಕ್ಕೆ ಸರಿಯಿತು. ಆರ್ಫಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಳು. ಲಾರಿಯ ಮೂತಿ ಟ್ರೇಲರಿನ ಹಿಂಬದಿಗೆ ಬಂತು. ಗಾಳಿಯ ತಳ್ಳು ಬಂತು, ಅವಳಿಗೆ ಚೆನ್ನಾಗಿ ಗೊತ್ತಿದ್ದ ತಳ್ಳು. ಅವಳು ಬ್ರೇಕ್ ಒತ್ತುವ ಆಸೆಯನ್ನು ಹಿಡಿದಿಟ್ಟುಕೊಂಡಳು. ಟ್ರೇಲರ್ ಬಲಕ್ಕೆ ಒಮ್ಮೆ ಒರಗಿತು. ಅವಳು ಎರಡನೆಯ ಓಲಾಟಕ್ಕೆ ಕಾದಳು.

ಅದು ಬರಲಿಲ್ಲ. ಸರಳುಗಳು ಎಲ್ಲೋ ಕೆಳಗೆ ಒಮ್ಮೆ ಕಿರುಗುಟ್ಟಿದವು, ಟ್ರೇಲರ್ ನೆಟ್ಟಗೆ ನಿಂತಿತು. ಲಾರಿಯ ಕಂಬಿಗಳ ಸಂದಿನಿಂದ ದನಗಳ ಒದ್ದೆ ಮೂಗು, ದೊಡ್ಡ ನಿರಾಳ ಕಣ್ಣುಗಳು ಒಂದಾದ ಮೇಲೊಂದು ಅವಳನ್ನು ದಾಟಿ ಹೋದವು. ಲಾರಿಯ ಬೆನ್ನು ಪೂರ್ತಿ ಮುಂದೆ ಬಂದಾಗ, ದಾಟಿದ್ದೀಯ, ಮತ್ತೆ ನಮ್ಮ ಸಾಲಿಗೆ ಬಾ ಎನ್ನಲು ಅವಳ ಎಡಗೈ ತಾನಾಗಿ ದೀಪ ಮಿನುಗಿಸಿತು. ಲಾರಿಯವನು ತನ್ನ ಹಿಂದೀಪಗಳನ್ನು ಎರಡು ಸಲ ಮಿಟುಕಿಸಿ ವಂದಿಸಿದ.

"ಹೋಯ್ತಾ?" ಎಂದಳು ಆರ್ಡಿಸ್.

ಆರ್ಫಾ ತಿರುಗಿ ನೋಡಿದಳು. ತಂಗಿ ಬಿಗಿಯಾಗಿ ಕಣ್ಣು ಮುಚ್ಚಿ, ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಹೋಯ್ತು. ನೀನೂ ಹೆದರಿದ್ಯೇನೇ?"

"ಎರಡು ವಾರದಿಂದ ನಾನು ನಿದ್ದೆ ಮಾಡಿಲ್ಲ." ಆರ್ಡಿಸ್ ಒಂದೊಂದೇ ಕಣ್ಣು ತೆರೆದಳು. "ಓಡಿಸೋಳು ನೀನು. ಪಕ್ಕದಲ್ಲಿ ಕೂತೋಳೂ ಹೆದರಿದೀನಿ ಅಂದ್ರೆ ನಿನಗೆ ಭಾರ ಜಾಸ್ತಿ ಆಗಲ್ವಾ? ಅದಕ್ಕೇ ಬಾಯಿ ಬಿಡಲಿಲ್ಲ."

ಆರ್ಫಾಳಿಗೆ ನಗು ಬಂತು.

"ಕಾಫಿ ಇದ್ಯಾ?" ಎಂದಳು.

ಆರ್ಡಿಸ್ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಆರ್ಫಾ ಸ್ಟೀರಿಂಗಿನಿಂದ ಬಲಗೈ ತೆಗೆದು ಅದನ್ನು ಹಿಡಿದಳು. ಐವತ್ತೈದು ಮೈಲಿ ವೇಗದಲ್ಲಿ, ಪಕ್ಕದ ಗಾಳಿಯಲ್ಲಿ, ಒಂದೇ ಕೈಯಲ್ಲಿ ಓಡಿಸುತ್ತ ನಿಧಾನವಾಗಿ ಕುಡಿದಳು.

"ಫೋನ್ ಮಾಡು ಅವರಿಗೆ. ಸೋಮವಾರದ ತನಕ ಯಾಕೆ?"

ಆರ್ಡಿಸ್ ಎರಡು ಸಲ ತಪ್ಪು ಸಂಖ್ಯೆ ಒತ್ತಿ ಮೂರನೆಯ ಸಲ ಸರಿಯಾಗಿ ಒತ್ತಿದಳು. ಆ ಕಡೆ ಯಾರೂ ಇರಲಿಲ್ಲ. ಸಂದೇಶ ಬಿಡಿ ಎಂದಿತು ಯಂತ್ರ. ಅವಳು ಗಾಳಿಯ ಸದ್ದನ್ನು ಮೀರಿಸಿ ಕೂಗಿ ಹೇಳತೊಡಗಿದಳು: ಬರುತ್ತಿದ್ದೇವೆ, ಇಬ್ಬರು, ಪುಸ್ತಕ ಇವೆ, ಎಂಟು ಪೆಟ್ಟಿಗೆ, ಅದರಲ್ಲಿ ಒಂದು ಪುಸ್ತಕ ಈಗಾಗಲೇ ಎರವಲು ಹೋಗಿದೆ, ವಾಪಸ್ ತರುವವರಿಗೆ ಅಲ್ಲಿನ ವಿಳಾಸ ಬೇಕು, ಓಡಿಸುವವಳು ನಮ್ಮಕ್ಕ, ಅವಳಿಗೆ ನೀರಿನ ಪಕ್ಕದ ಜಾಗವೇ ಆಗಬೇಕು, ಯಾಕೆಂದರೆ...

ಯಂತ್ರ ಕುಂಯ್ ಎಂದು ಮಾತು ಕತ್ತರಿಸಿತು.

"ಇನ್ನೂ ಹೇಳೋದಿತ್ತು," ಎಂದಳು ಆರ್ಡಿಸ್, ಫೋನನ್ನೇ ನೋಡುತ್ತ.

"ಮತ್ತೆ ಮಾಡು," ಎಂದಳು ಆರ್ಫಾ. "ದಾರಿ ಇನ್ನೂ ಇದ್ಯಲ್ಲ."